ಪುಕ್ಕಟೆ ಅಭಿಮಾನ

ನಮ್ಮ ಬೀದಿಯ ರಾಯರು ಪ್ರಾಮಾಣಿಕರು. ತರಕಾರಿಯವಳು ಚಿಲ್ಲರೆ ಎಣಿಸುವಾಗ ಹತ್ತು ರೂಪಾಯಿ ಹೆಚ್ಚು ಕೊಟ್ಟುಬಿಟ್ಟಳೆಂದು ಮನೆಯಿಂದ ತಿರುಗಿ ಹೋಗಿ ಹಿಂದಿರುಗಿಸಿ ಬಂದವರು. ಕನ್ನಡದ ಅಭಿಮಾನವೂ ಅವರಿಗೆ ಕಡಮೆಯಿಲ್ಲ. ನವೆಂಬರು ಬಂದರೆ ಬಡಾವಣೆಯ ಧ್ವಜಸ್ತಂಭಕ್ಕೆ ಹೂ ಕಟ್ಟುವವರು ಅವರೇ. ಈಚೆಗೆ ಒಂದು ಭಾನುವಾರ ಬೆಳಿಗ್ಗೆ ಅವರಿಂದ ನನ್ನ ಫೋನಿಗೆ ಒಂದು ಲಿಂಕ್ ಬಂತು. ಜೊತೆಗೆ ಒಕ್ಕಣೆ: "ಒಳ್ಳೆಯ ಕನ್ನಡ ಚಿತ್ರ. ತಪ್ಪದೆ ನೋಡಿ. ನಾಲ್ಕು ಜನಕ್ಕೆ ಕಳಿಸಿ. ಕನ್ನಡ ಉಳಿಸಿ." ಆ ಚಿತ್ರ ತೆರೆಗೆ ಬಂದು ಅಂದಿಗೆ ಮೂರನೆಯ ದಿನ.

ಸಂಜೆ ಎದುರಿಗೆ ಸಿಕ್ಕಾಗ ಕೇಳಿದೆ: "ಇದು ಕದ್ದ ಮಾಲಲ್ಲವೇ ರಾಯರೇ?" ಅವರಿಗೆ ನೋವಾಯಿತು. "ಕಳ್ಳತನ ಎಲ್ಲಿ ಬಂತು? ಯಾರೋ ಶೇರ್ ಮಾಡಿದರು, ನಾನೂ ಶೇರ್ ಮಾಡಿದೆ."

ಈ ಮಾತಿನ ಮೇಲೆಯೇ ನನ್ನ ಜಗಳ. ಹಂಚಿಕೊಳ್ಳುವುದೆಂದರೇನೆಂದು ನಮ್ಮ ಭಾಷೆಗೆ ಚೆನ್ನಾಗಿ ಗೊತ್ತು. ನನ್ನ ಎಲೆಯ ಹೋಳಿಗೆಯಲ್ಲಿ ಅರ್ಧ ನಿಮಗೆ ಕೊಟ್ಟರೆ ನನಗೆ ಅರ್ಧ ಕಡಮೆಯಾಗಬೇಕು. ಇಲ್ಲಿ ಕೊಟ್ಟವನಿಗೂ ಕಡಮೆಯಿಲ್ಲ, ತೆಗೆದುಕೊಂಡವನಿಗೂ ಕಡಮೆಯಿಲ್ಲ. ಕಡಮೆಯಾದದ್ದು ಪಂಕ್ತಿಯಲ್ಲೇ ಇಲ್ಲದ, ಒಲೆಯ ಮುಂದೆ ಬೆಂದ ಅಡುಗೆಯವನಿಗೆ.

ನಾನೇನೂ ಹುಟ್ಟಾ ಸಂಭಾವಿತನಲ್ಲ. 1980ರ ದಶಕದಲ್ಲಿ ಹಾಡುಗಳ ಪಟ್ಟಿ ಬರೆದುಕೊಂಡು, ಖಾಲಿ ಕ್ಯಾಸೆಟ್ ಹಿಡಿದು, ರೆಕಾರ್ಡಿಂಗ್ ಅಂಗಡಿಯ ಮುಂದೆ ನಿಂತವರಲ್ಲಿ ನಾನೂ ಒಬ್ಬ. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದ ಮೇಲೆ ಕನ್ನಡದ ಕವಿಗಳು ನಮ್ಮ ಅಡುಗೆಮನೆಗಳವರೆಗೂ ಬಂದರು. ಹಣ ಕೊಟ್ಟು ಕರೆತಂದವರು ಹಲವರು. ನನ್ನಂತೆ ಹಿಂಬಾಗಿಲಿನಿಂದ ಕರೆತಂದವರೂ ಇದ್ದರು. ಆದರೆ ಆ ಕಳವಿಗೆ ತನ್ನದೇ ಒಂದು ಮಿತಿಯಿತ್ತು. ಕ್ಯಾಸೆಟ್ ತುಂಬಲು ಸಮಯ ಬೇಕು. ಪ್ರತಿಯ ಪ್ರತಿಯಲ್ಲಿ ಗಾಯಕನ ದನಿಗಿಂತ ಟೇಪಿನ ಸುಯ್ಲೇ ಜೋರು. ಈಗ ಆ ಆಯಾಸವೂ ಇಲ್ಲ, ಆ ಕುಂದೂ ಇಲ್ಲ. ಒಟಿಟಿಗೆ ಬಂದ ಚಿತ್ರದ ಕಳ್ಳಪ್ರತಿ ಮೂಲದಷ್ಟೇ ನಿರ್ಮಲ. ಟೊರೆಂಟ್ ಎಂಬ ಏರ್ಪಾಟಿನಲ್ಲಂತೂ ನೀವು ಇಳಿಸಿಕೊಳ್ಳುತ್ತಿರುವ ಹೊತ್ತಿನಲ್ಲೇ ನಿಮ್ಮ ಯಂತ್ರ ಅದನ್ನು ಚೂರುಚೂರಾಗಿ ಇತರರಿಗೆ ಬಡಿಸುತ್ತಲೂ ಇರುತ್ತದೆ. ಗಿರಾಕಿಯೇ ಅಂಗಡಿಯವನು, ಎಷ್ಟೋ ಸಲ ಅವನಿಗೇ ತಿಳಿಯದಂತೆ.

ಇದೆಲ್ಲ ಪುಕ್ಕಟೆ ಎಂಬುದೂ ಭ್ರಮೆಯೇ. ಈ ತಾಣಗಳನ್ನು ನಡೆಸುವವರು ಅನ್ನಸತ್ರದ ಧರ್ಮದರ್ಶಿಗಳಲ್ಲ. ಚಿತ್ರದ ಅಂಚಿನಲ್ಲಿ, ಕೆಲವೊಮ್ಮೆ ನಾಯಕಿಯ ಹಣೆಯ ಮೇಲೆಯೇ, ಬೆಟ್ಟಿಂಗ್ ಕಂಪೆನಿಯ ಜಾಹೀರಾತು ಹರಿದಾಡುವುದನ್ನು ರಾಯರು ಕಂಡಿಲ್ಲವೇ? ಇಸ್ಪೀಟಿನ ಎಲೆ ಮುಟ್ಟದ ಮನುಷ್ಯ ಜೂಜುಕೋರನ ಖರ್ಚಿನಲ್ಲಿ ಚಿತ್ರ ನೋಡುತ್ತಿದ್ದಾರೆ. ಅದೂ ಪಿಂಚಣಿಯ ಬ್ಯಾಂಕ್ ಖಾತೆ ಇಟ್ಟುಕೊಂಡಿರುವ ಫೋನಿನಲ್ಲಿ.

"ನಟರು ಕೋಟಿಗಟ್ಟಲೆ ಎಣಿಸುತ್ತಾರೆ. ನನ್ನ ಇನ್ನೂರು ರೂಪಾಯಿ ತಪ್ಪಿದರೆ ಅವರ ಮನೆ ಮುಳುಗೀತೇ?" ಎಂದರು ರಾಯರು. ಮುಳುಗುವುದಿಲ್ಲ, ಒಪ್ಪಿದೆ. ದೊಡ್ಡ ನಟನ ಸಂಭಾವನೆ ಮೊದಲೇ ಕೈಸೇರಿರುತ್ತದೆ. ದೀಪ ಹೊತ್ತವನ ಬತ್ತವೂ, ಬಣ್ಣ ಹಚ್ಚಿದವನ ಕೂಲಿಯೂ ಸಂದಿರುತ್ತದೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಕಳೆದುಕೊಂಡವರು ಯಾರು? ಇದೇ ಜನ, ಆದರೆ ಈ ಚಿತ್ರದಲ್ಲಲ್ಲ, ಮುಂದಿನ ಚಿತ್ರದಲ್ಲಿ. ಸಾಲ ತೀರದ ನಿರ್ಮಾಪಕ ತೆಗೆಯದೆ ಬಿಟ್ಟ ಚಿತ್ರದಲ್ಲಿ. ಹೆಸರಾಂತ ನಟರಿಲ್ಲದ ಚಿತ್ರಕ್ಕೆ ಮೊದಲ ದಿನವೇ ಜನ ನುಗ್ಗುವುದಿಲ್ಲ. ನೋಡಿದವನು ನಾಲ್ವರಿಗೆ ಹೇಳಿ, ಆ ನಾಲ್ವರು ಬಂದು, ಎರಡನೆಯ ವಾರದ ಹೊತ್ತಿಗೆ ಕುದುರಿಕೊಳ್ಳಬೇಕು. ಅಂಥ ಚಿತ್ರದ ಪ್ರಾಣವಿರುವುದೇ ಆ ಬಾಯಿಮಾತಿನಲ್ಲಿ. "ಚೆನ್ನಾಗಿದೆ" ಎಂಬ ಮಾತಿನ ಬಾಲಕ್ಕೆ ಲಿಂಕನ್ನೂ ಕಟ್ಟಿ ಕಳಿಸಿದರೆ, ಕೇಳಿದವನು ಚಿತ್ರಮಂದಿರದವರೆಗೆ ಏಕೆ ಬಂದಾನು? ಹಾಳು ಚಿತ್ರವನ್ನು ಯಾರೂ ಇಷ್ಟು ಅಕ್ಕರೆಯಿಂದ ಹಂಚುವುದಿಲ್ಲ. ಒಳ್ಳೆಯದನ್ನು ಹುಡುಕಿ ಹುಡುಕಿ ಕೊಲ್ಲುವ ಅಭಿಮಾನ ಇದು.

ಇದೇ ಪ್ರೇಕ್ಷಕರು ಮನಸ್ಸು ಮಾಡಿದಾಗ ಏನಾಯಿತೆಂಬುದನ್ನೂ ಕಂಡಿದ್ದೇವೆ. 2013ರ 'ಲೂಸಿಯಾ' ಚಿತ್ರಕ್ಕೆ ಪವನ್ ಕುಮಾರರ ಕರೆಗೆ ಓಗೊಟ್ಟು ನೂರಕ್ಕೂ ಹೆಚ್ಚು ಮಂದಿ ಬಂಡವಾಳ ಹಾಕಿದರು. ಚಿತ್ರ ಹುಟ್ಟುವ ಮೊದಲೇ ಹಣ ಕೊಟ್ಟವರು ಅವರು. 2024ರಲ್ಲಿ, ಕರಾವಳಿಯ ಏಳು ಕಥೆಗಳ 'ಏಕಂ' ಸರಣಿಯನ್ನು ಒಟಿಟಿ ಕಂಪೆನಿಗಳು ಕೊಳ್ಳದೆ ಹೋದಾಗ ರಕ್ಷಿತ್ ಶೆಟ್ಟಿಯವರ ಬಳಗ ತಾವೇ ಒಂದು ತಾಣ ತೆರೆದು ಮಾರಬೇಕಾಯಿತು. ಕಂಪೆನಿಗಳು ಕೊಳ್ಳದಿರಲು ಕಾರಣ ಹಲವಿದ್ದಾವು. ಕನ್ನಡಿಗರು ಕಾಸು ಬಿಚ್ಚಿ ನೋಡುವವರಲ್ಲ ಎಂಬ ಅನುಮಾನವೂ ಅವುಗಳಲ್ಲಿ ಒಂದಾಗಿದ್ದರೆ, ಅದಕ್ಕೆ ನೀರೆರೆದವರು ನಾವೇ.

ಉದ್ಯಮದವರನ್ನು ಎತ್ತಿ ಆಡಿಸುವುದು ನನ್ನ ಕೆಲಸವಲ್ಲ. ಟಿಕೆಟ್ಟಿನ ಬೆಲೆ ಸುಡುತ್ತದೆ, ನಿಜ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ 200 ರೂಪಾಯಿಯ ಮಿತಿ ವಿಧಿಸಿತು, ಅದೇ ತಿಂಗಳು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಹಳೆಯ ಒಳ್ಳೆಯ ಚಿತ್ರವೊಂದನ್ನು ಹಣ ಕೊಟ್ಟು ನೋಡುತ್ತೇನೆಂದರೂ ಎಷ್ಟೋ ಸಲ ಮಾರುವವರೇ ಇಲ್ಲ; ಇಲ್ಲಿ ಮಾತ್ರ ರಾಯರ ವಾದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಇನ್ನು ಹಾಡು ಬರೆದವನ, ರಾಗ ಹಾಕಿದವನ ರಾಯಧನವನ್ನು ಇಡಿಯಾಗಿ ಬರೆಸಿಕೊಳ್ಳದಂತೆ ಕಾನೂನು ಕಟ್ಟುಮಾಡಿದ್ದು 2012ರಲ್ಲಿ. 1957ರ ಕಾಯಿದೆಗೆ ಆ ಬುದ್ಧಿ ಬರಲು 55 ವರ್ಷ ಹಿಡಿಯಿತು. ಆದರೆ ಧಣಿ ಆಳಿಗೆ ಕೂಲಿ ಕೊಡಲಿಲ್ಲವೆಂದು ಕಣದ ರಾಶಿಯನ್ನು ಹೊತ್ತುಕೊಂಡು ಹೋದವನು ಆಳಿನ ನೆಂಟನಾಗುತ್ತಾನೆಯೇ?

ಕಾನೂನೇನೋ ಕೈಕಟ್ಟಿ ಕೂತಿಲ್ಲ. 2014ರಲ್ಲಿ ನಮ್ಮ ರಾಜ್ಯದ ಗೂಂಡಾ ಕಾಯಿದೆಯನ್ನು ತಿದ್ದಿ, ಆಡಿಯೋ-ವಿಡಿಯೋ ಕಳ್ಳಪ್ರತಿಯ ದಂಧೆಯವರನ್ನು ಭೂಗಳ್ಳರ, ಆಸಿಡ್ ದಾಳಿಕೋರರ ಸಾಲಿನಲ್ಲಿ ಕೂರಿಸಿದರು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಂತೆ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದವನಿಗೆ 3 ತಿಂಗಳಿಂದ 3 ವರ್ಷದವರೆಗೆ ಸೆರೆ, 3 ಲಕ್ಷ ರೂಪಾಯಿಗೆ ಕಡಮೆಯಿಲ್ಲದ ದಂಡ. ಒಂದು ತಾಣಕ್ಕೆ ಬೀಗ ಹಾಕಿಸಿದರೆ ಅದು ಹೆಸರಿನಲ್ಲಿ ಒಂದಕ್ಷರ ಬದಲಿಸಿ ಮತ್ತೆ ಬಾಗಿಲು ತೆರೆಯುತ್ತದೆ. ಮನೆಯಲ್ಲಿ ಕೂತು ನೋಡಿದ ರಾಯರ ಕದವನ್ನಂತೂ ಯಾವ ಪೊಲೀಸೂ ತಟ್ಟುವುದಿಲ್ಲ. ಅದು ಅವರಿಗೂ ಗೊತ್ತು.

ಲಿಂಕನ್ನು ನಾನು ಅಳಿಸಿದೆ. ಚಿತ್ರಮಂದಿರಕ್ಕೇ ಹೋಗಿ ನೋಡುವೆನೆಂದು ಜಂಬ ಕೊಚ್ಚಿಕೊಂಡೆ. ನಡುವೆ ಒಂದು ಮದುವೆ, ಎರಡು ದಿನ ಮಳೆ. ಹೋದದ್ದು ಶನಿವಾರ. ಗೋಡೆಯ ಮೇಲೆ ಬೇರೆ ಭಾಷೆಯ ಚಿತ್ರದ ಪೋಸ್ಟರು. ಟಿಕೆಟ್ ಕೊಡುವ ಹುಡುಗ, "ಗುರುವಾರಕ್ಕೇ ತೆಗೆದುಬಿಟ್ರು ಸಾರ್, ಜನಾನೇ ಇರ್ಲಿಲ್ಲ" ಎಂದ.

ಹಿಂದಿರುಗುವಾಗ ರಾಯರು ಗೇಟಿನ ಬಳಿಯೇ ನಿಂತಿದ್ದರು. ವಿಷಯ ಕೇಳಿ ನಿಜವಾಗಿಯೂ ಮರುಗಿದರು. "ಛೆ, ಅಷ್ಟು ಒಳ್ಳೆಯ ಚಿತ್ರ. ಇರಲಿ ಬಿಡಿ, ಲಿಂಕ್ ಇನ್ನೂ ನನ್ನ ಹತ್ತಿರವೇ ಇದೆ, ಕಳಿಸಲೇ?"