ಹೊಸ ಟೈರಿಗೆ ಹಳೇ ಲೆಕ್ಕದ ಗಾಳಿ!

ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬಂದವರು ನೋಡಿಯೇ ಇರುತ್ತೀರಿ. ಹೆದ್ದಾರಿ ಅಂಚಿನಲ್ಲಿ ಹಾವಿನ ಪೊರೆ ಬಿದ್ದ ಹಾಗೆ ಕಪ್ಪು ರಬ್ಬರಿನ ಪಟ್ಟಿಗಳು ಬಿದ್ದಿರುತ್ತವೆ. "ರೀಟ್ರೆಡ್ ಟೈರು, ಕಿತ್ಕೊಂಡು ಹೋಗಿದೆ" ಎಂದು ಕಂಡಕ್ಟರು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಒಳಗಿನ ಗಾಳಿಯ ಲೆಕ್ಕ ತಪ್ಪಿದರೆ ಹೊಚ್ಚ ಹೊಸ ಟೈರೂ ಹೀಗೇ ಸುಲಿದುಕೊಂಡು ಹೋಗುತ್ತದೆ. ಹೋಗುವಾಗ ಪಕ್ಕದಲ್ಲಿರುವ ನಿಮ್ಮ ಬಸ್ಸನ್ನು ಕೇಳಿ ಹೋಗುವುದಿಲ್ಲ.

ಮೊನ್ನೆ ಹಿರಿಯೂರಿನ ಒಂದು ಪಂಕ್ಚರ್ ಅಂಗಡಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಹೊಸದುರ್ಗದ ಕಡೆಯ ಆರು ಚಕ್ರದ ಲಾರಿ, ಕೊಬ್ಬರಿ ಲೋಡು. ಆರಕ್ಕೆ ಆರೂ ಹೊಸ ಟೈರು. "ಎಷ್ಟು ಹಿಡೀಲಿ ಅಣ್ಣಾ?" ಎಂದ ಅಂಗಡಿ ಹುಡುಗ. "ಎಲ್ಲಾದಕ್ಕೂ ನೂರಿಪ್ಪತ್ತು ಹಿಡಿಯೋ" ಎಂದರು ಮಾಲೀಕರು. ಯಾಕೆ ನೂರಿಪ್ಪತ್ತು ಯಜಮಾನ್ರೇ ಎಂದೆ. "ಮೊದಲಿಂದ್ಲೂ ಅಷ್ಟೇ ಅಲ್ವಾ ಸಾರ್" ಎಂದರು.

ಈ ‘ಮೊದಲಿಂದ್ಲೂ’ ಎಂಬುದರಲ್ಲೇ ಇದೆ ನೋಡಿ ಎಡವಟ್ಟು.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆಕ್ಸಲ್ ಭಾರದ ಮಿತಿ ಏರಿಸಿತು. ಮುಂದೆ ಎರಡು, ಹಿಂದೆ ನಾಲ್ಕು ಟೈರಿನ ಲಾರಿಗೆ ಗಾಡಿಯ ತೂಕವೂ ಸೇರಿ 16.2 ಟನ್ ಇದ್ದದ್ದು 18.5 ಆಯಿತು. ಮುಂದಿನ ಆಕ್ಸಲ್ಲಿಗೆ 6ರಿಂದ 7, ಹಿಂದಿನದಕ್ಕೆ 10.2ರಿಂದ 11.5 ಟನ್. ಸರಕು ಸಾಗಿಸುವವರು ಖುಷಿಪಟ್ಟರು. ಮಂಡಿ ವ್ಯಾಪಾರಿಗಳೂ ಖುಷಿಪಟ್ಟರು. ಟೈರನ್ನು ಯಾರೂ ಕೇಳಲಿಲ್ಲ.

ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು, ಆದರೂ ಭಾಗಾಕಾರ ಬರುತ್ತದೆ. ಹಿಂದಿನ 10.2 ಟನ್ ನಾಲ್ಕು ಟೈರಿಗೆ ಹಂಚಿದರೆ ಒಂದಕ್ಕೆ 2550 ಕಿಲೋ. 11.5 ಹಂಚಿದರೆ 2875 ಕಿಲೋ. ಈಗ ಟೈರಿನ ಗೋಡೆ ಮೇಲೆ ಬರೆದಿರುವುದನ್ನು ಓದಿ. 146/143 ಎಂದಿದ್ದರೆ, ಒಂಟಿಯಾಗಿ ಹಾಕಿದಾಗ 3000 ಕಿಲೋ, ಜೋಡಿಯಲ್ಲಿ ಹಾಕಿದಾಗ 2725 ಕಿಲೋ ಹೊರುತ್ತದೆ ಎಂದರ್ಥ. ಅದೂ ಕಂಪನಿ ಹೇಳಿದ ಪೂರ್ತಿ ಗಾಳಿ ಇದ್ದರೆ ಮಾತ್ರ. ಹಳೇ ಮಿತಿಗೆ ಸರಿಯಾಗಿದ್ದ ಈ ಟೈರು ಹೊಸ ಮಿತಿಯ ಪೂರ್ತಿ ಲೋಡಿಗೆ ಸಾಲದು. ಮುಂದಿನ ಟೈರಿನ ಕಥೆ ಇನ್ನೂ ಬಿಗಿ. 7 ಟನ್ ಕೂತರೆ ಒಂದೊಂದಕ್ಕೆ 3500 ಕಿಲೋ. ಇದಕ್ಕೆ 152 ಅಂಕಿಯ ಟೈರು ಬೇಕು, ಅದರ ಮಿತಿ 3550. ಸಾಲದ ಟೈರಿಗೆ ಇನ್ನಷ್ಟು ಗಾಳಿ ತುಂಬಿ ಗಟ್ಟಿ ಮಾಡುತ್ತೇನೆ ಎಂದರೆ ಅದು ನಡೆಯುವ ಮಾತಲ್ಲ. ಗುಂಡಿಗೆ ಬಿದ್ದ ಕಡೆ ಒಡೆಯುತ್ತದೆ.

ಹಾಗಾಗಿ ಅಂಗಡಿ ಹುಡುಗನನ್ನು ಕೇಳುವ ಮೊದಲು ಕೇಳಬೇಕಾದ್ದು ಬೇರೆ. ಆರ್‌ಸಿಯಲ್ಲಿ ನನ್ನ ಗಾಡಿಯ ಮಿತಿ ಎಷ್ಟಿದೆ? ವೇಬ್ರಿಡ್ಜಿನಲ್ಲಿ ಮುಂದಿನ ಆಕ್ಸಲ್ ಎಷ್ಟು, ಹಿಂದಿನದು ಎಷ್ಟು ತೂಗಿತು? ಆ ತೂಕಕ್ಕೆ ಟೈರು ಕಂಪನಿಯ ಪಟ್ಟಿಯಲ್ಲಿ ಎಷ್ಟು ಗಾಳಿ ಹೇಳಿದೆ? ಹಿಂದೆ ಮುಂದೆ ಒಂದೇ ಅಂಕಿ ಬರಬೇಕೆಂದೇನೂ ಇಲ್ಲ. ಆದರೆ ಒಂದೇ ಆಕ್ಸಲ್ಲಿನ ಟೈರುಗಳಿಗೆ ಒಂದೇ ಗಾಳಿ ಇರಲೇಬೇಕು.

ಗಾಳಿ ಅತಿಯಾಗಿ ತುಂಬುವ ಚಾಳಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮೂಲವೂ ಇದೆ ಎಂದು ನನ್ನ ಅನುಮಾನ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ಓಡಿದ ಕಾಲ ನೆನಪಿರಬೇಕು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆ ಮತ್ತು ತುಮಕೂರಿನ ಗಣಿಗಾರಿಕೆಗೆ ತಡೆ ಹಾಕುವವರೆಗೂ ಲೋಡಿಗೆ ಲೆಕ್ಕವಿರಲಿಲ್ಲ. ಕಲ್ಲಿನಂತೆ ಗಟ್ಟಿ ಮಾಡಿಕೊಂಡು ಹೊರಡುವುದೇ ಜಾಣತನ ಎನಿಸಿತ್ತು. ಆ ಲೋಡು ಹೋಯಿತು, ಅಭ್ಯಾಸ ಉಳಿಯಿತು.

ಇದಕ್ಕೆ ಉಲ್ಟಾ ತಪ್ಪು ಇನ್ನೂ ಅಪಾಯದ್ದು. ಏಪ್ರಿಲ್ ಬಿಸಿಲಿನಲ್ಲಿ ಗುಯಿಲಾಳು ಟೋಲ್ ಹತ್ತಿರ ಗಾಡಿ ನಿಲ್ಲಿಸಿ ಕ್ಲೀನರ್ ಗೇಜು ಹಿಡಿಯುತ್ತಾನೆ. ಬೆಳಿಗ್ಗೆ 120 ಇದ್ದದ್ದು 138 ತೋರಿಸುತ್ತದೆ. ಗಾಬರಿಬಿದ್ದು ಪುಸ್ ಪುಸ್ ಎಂದು 120ಕ್ಕೆ ಇಳಿಸುತ್ತಾನೆ. ಟೈರು ಬಿಸಿಯಾದರೆ ಒತ್ತಡ ಏರುವುದು ಸಹಜ. 120 ಪೌಂಡಿನ ಟೈರಿನಲ್ಲಿ ಹತ್ತು ಡಿಗ್ರಿಗೆ ಸುಮಾರು ನಾಲ್ಕೂವರೆ ಪೌಂಡು ಏರುತ್ತದೆ. ನಲವತ್ತು ಡಿಗ್ರಿ ಏರಿದರೆ 18 ಪೌಂಡು. ಕಂಪನಿ ಈ ಏರಿಕೆಯನ್ನೂ ಲೆಕ್ಕಕ್ಕೆ ಹಿಡಿದೇ ತಣ್ಣನೆ ಟೈರಿನ ಅಂಕಿ ಹೇಳಿರುತ್ತದೆ. ಬಿಸಿಯಲ್ಲಿ ಬಿಟ್ಟ ಗಾಳಿ ತಣ್ಣಗಾದ ಮೇಲೆ ಸುಳ್ಳು ಹೇಳುವುದಿಲ್ಲ. ಮಾರನೇ ಬೆಳಿಗ್ಗೆ ಹೊಳಲ್ಕೆರೆಯಲ್ಲಿ ಅದೇ ಟೈರು 105ರ ಆಸುಪಾಸು ಇರುತ್ತದೆ. ಕಡಿಮೆ ಗಾಳಿಯ ಟೈರಿನ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿ ಒಳಗೇ ಕಾಯುತ್ತದೆ, ಪದರ ಬಿಡುತ್ತದೆ. ಹೊಸ ಟೈರಿಗೆ ರಬ್ಬರು ದಪ್ಪ, ಆ ಬಿಸಿ ಬೇಗ ಆರುವುದೂ ಇಲ್ಲ.

ಜೋಡಿ ಟೈರಿನ ಒಳಗಿನದಂತೂ ಅನಾಥ. ಅದರ ವಾಲ್ವಿಗೆ ಕೈ ಎಟಕುವುದಿಲ್ಲ ಎಂದು ಹೊರಗಿನದನ್ನು ಮಾತ್ರ ನೋಡುತ್ತಾರೆ. ಒಳಗಿನದು ಇಳಿದರೆ ಭಾರವೆಲ್ಲ ಹೊರಗಿನದರ ಮೇಲೆ. ಹೊಸದರ ಪಕ್ಕ ಸವೆದದ್ದನ್ನು ಹಾಕಿದರೂ ಅಷ್ಟೇ, ಎತ್ತರವಿರುವ ಹೊಸದೇ ಹೆಚ್ಚು ಹೊರುತ್ತದೆ. ಸುತ್ತಿಗೆಯಲ್ಲಿ ಬಡಿದು ಸದ್ದು ಕೇಳುವ ವಿದ್ಯೆ ರೇಡಿಯಲ್ ಟೈರಿನ ಹತ್ತಿರ ನಡೆಯುವುದಿಲ್ಲ. ಸರಿಯಾದ ಗಾಳಿಯಲ್ಲೂ ಅದು ಕೆಳಗೆ ಸ್ವಲ್ಪ ಹೊಟ್ಟೆ ಬಿಟ್ಟೇ ನಿಂತಿರುತ್ತದೆ. ನೋಡಿ ಹೇಳುವುದು ಕಷ್ಟ, ಗೇಜೇ ಬೇಕು.

ಅಂಗಡಿಯವರು ಇದು ಲಾರಿಯವರ ತಲೆನೋವು ಎನ್ನಬಹುದು. "ಇನ್ನೊಂದು ಹತ್ತು ಮೂಟೆ ಹಾಕ್ಕೊಂಡು ಹೋಗಪ್ಪಾ" ಎನ್ನುವವರು ಯಾರು ಸ್ವಾಮಿ? ಒಡೆದ ಟೈರಿನ ದುಡ್ಡು ಇವತ್ತಲ್ಲ ನಾಳೆ ಬಾಡಿಗೆಯಲ್ಲಿ ಸೇರುತ್ತದೆ, ಬಾಡಿಗೆ ನಿಮ್ಮ ಸಕ್ಕರೆ, ಸಿಮೆಂಟಿನ ರೇಟಿನಲ್ಲಿ ಸೇರುತ್ತದೆ.

ಹೊಸದುರ್ಗದ ಯಜಮಾನರು ನನ್ನ ಭಾಗಾಕಾರವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಟಾರ್ಚು ಹಾಕಿ ಟೈರಿನ ಗೋಡೆ ಓದಿದರು. ಹಿಂದಿನ ನಾಲ್ಕೂ 146/143. ಆರ್‌ಸಿ ತೆಗೆದು ನೋಡಿದರು, 16.2 ಟನ್ನಿನ ಹಳೇ ಗಾಡಿ. "ಹಂಗಾರೆ ನಮ್ಗೆ ಸರಿಯಾಯ್ತಲ್ಲ ಬಿಡಿ" ಎಂದು ನಕ್ಕರು. ಕೊಬ್ಬರಿ ಎಷ್ಟು ತೂಗಿತು ಎಂದೆ. ಅದಕ್ಕೆ ಉತ್ತರ ಬರಲಿಲ್ಲ. ಒಳಗಿನ ಟೈರಿನ ವಾಲ್ವಿಗೆ ಉದ್ದನೆ ಕೊಳವೆ ಹಾಕಿಸಿಕೊಂಡರು. ಸ್ವಂತಕ್ಕೊಂದು ಗೇಜು ತಗೊಳ್ಳಿ ಎಂದೆ. "ಮುಂದಿನ ಟ್ರಿಪ್ಪಿಗೆ ನೋಡಾಣ ಸಾರ್" ಎಂದು ಗಾಡಿ ಹತ್ತಿದರು.