ಹಾಡು ಮಾರಿದರೆ ಹಕ್ಕೂ ಹೋಯಿತೇ?

ಮೊನ್ನೆ ಬೆಳಿಗ್ಗೆ ಎಂಟೂಕಾಲರ ಪ್ರೈವೇಟ್ ಬಸ್ಸಿನಲ್ಲಿ ಕೂತಿದ್ದೆ. ಡ್ರೈವರ್ ಹಾಕಿದ್ದ ಹಾಡಿಗೆ ಅರ್ಧ ಬಸ್ಸು ತಲೆದೂಗುತ್ತಿತ್ತು. ಪಕ್ಕದ ಸೀಟಿನ ಹುಡುಗ ಮಾತ್ರ ಕಿಟಕಿಯಾಚೆ ಮುಖ ಮಾಡಿ ಕೂತಿದ್ದ. ಮಾತಿಗೆಳೆದೆ. ‘ಈ ಹಾಡು ಬರೆದೋನು ನಾನೇ ಸಾರ್. ಮೂರು ಸಾವಿರ ಕೊಟ್ಟು ಸೈನ್ ಹಾಕಿಸ್ಕೊಂಡ್ರು. ಅಲ್ಲಿಗೆ ಮುಗೀತು’ ಎಂದ. ಅಷ್ಟರಲ್ಲಿ ಕಂಡಕ್ಟರ್ ಬಂದ. ಹುಡುಗನ ಹಾಡು ಬಿಟ್ಟಿ, ಹುಡುಗನ ಟಿಕೆಟ್ಟಿಗೆ ಮಾತ್ರ ಪೂರಾ ಕಾಸು!

ಮುಗಿದಿಲ್ಲ ತಮ್ಮಾ, ಮುಗಿದಿಲ್ಲ. ಇವತ್ತು ಬರೆಯುತ್ತಿರುವುದೇ ಅದನ್ನು ಹೇಳಲಿಕ್ಕೆ.

ಜಗಳ ಹಳೆಯದು. ಹಾಡು ಬರೆದವರು, ರಾಗ ಹಾಕಿದವರ ಪರವಾಗಿ ಹಣ ವಸೂಲು ಮಾಡಲು 1969ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಹುಟ್ಟಿತು. ಚಿಕ್ಕದಾಗಿ ಐಪಿಆರ್‌ಎಸ್. ಆದರೆ 1977ರಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕ ದುಡ್ಡು ಕೊಟ್ಟು ಚಿತ್ರಕ್ಕೆ ಬರೆಸಿದ ಹಾಡಿಗೆ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನೇ ಒಡೆಯ ಎಂದುಬಿಟ್ಟಿತು. ಕವಿಯ ಪಾಲಿಗೆ ಒಂದು ಸಲದ ಸಂಭಾವನೆ, ಒಂದು ನಮಸ್ಕಾರ.

ಆಮೇಲೆ 35 ವರ್ಷ ಬೇಕಾಯಿತು. 2012ರಲ್ಲಿ ಪಾರ್ಲಿಮೆಂಟು ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದಿತು. ರಾಜ್ಯಸಭೆಯಲ್ಲಿ ಕವಿ ಜಾವೇದ್ ಅಖ್ತರ್ ಇದಕ್ಕಾಗಿ ಗಟ್ಟಿಯಾಗಿ ದನಿ ಎತ್ತಿದರು. ಈಗ ಹಾಡನ್ನು ಕಂಪನಿಗೆ ಬರೆದುಕೊಟ್ಟರೂ, ಅದರಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕು ಬರೆದವನಲ್ಲೇ ಉಳಿಯುತ್ತದೆ. ವಾರಸುದಾರರಿಗೋ ಸೊಸೈಟಿಗೋ ಬಿಟ್ಟರೆ ಇನ್ನಾರಿಗೂ ಅದನ್ನು ಕೊಡುವ ಹಾಗಿಲ್ಲ. ಬರೆಸಿಕೊಂಡರೂ ಆ ಕರಾರು ನಡೆಯುವುದಿಲ್ಲ. ಥಿಯೇಟರಿನಲ್ಲಿ ಚಿತ್ರದ ಜೊತೆಗೇ ಹಾಡು ಬಂದಾಗ ಮಾತ್ರ ಪಾಲಿಲ್ಲ.

ಹಾಗಾದರೆ ನಮ್ಮ ಹುಡುಗನಿಗೆ ದುಡ್ಡು ಯಾಕೆ ಬರಲಿಲ್ಲ? ಅವನ ಹೆಸರು ಸೊಸೈಟಿಯ ಪಟ್ಟಿಯಲ್ಲೇ ಇಲ್ಲ, ಅದಕ್ಕೆ. ಹಕ್ಕು ತಾನಾಗಿ ಬರುತ್ತದೆ, ಹಣ ತಾನಾಗಿ ಬರುವುದಿಲ್ಲ ಸ್ವಾಮಿ.

ಮೆಂಬರ್ ಆಗುವುದು ಹರಸಾಹಸವೇನಲ್ಲ. ಬಿಡುಗಡೆಯಾದ ಒಂದು ಹಾಡಾದರೂ ಇರಬೇಕು. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ವಿವರ, ಸೊಸೈಟಿ ಕೇಳುವ ಶುಲ್ಕ. ಅರ್ಜಿ ಆನ್‌ಲೈನಿನಲ್ಲೇ. ಆಮೇಲಿನ ಕೆಲಸವೇ ದೊಡ್ಡದು: ಬರೆದ ಒಂದೊಂದು ಹಾಡನ್ನೂ ಹೆಸರು ಹಿಡಿದು ದಾಖಲಿಸಬೇಕು. ಸಾಹಿತ್ಯ ಯಾರದು, ಸಂಗೀತ ಯಾರದು, ಯಾರ ಪಾಲು ಎಷ್ಟು, ಎಲ್ಲ ಸರಿಯಾಗಿರಬೇಕು. ಅಜ್ಜಿ ಬೀಸುವಾಗ ಹಾಡಿದ ಜನಪದಕ್ಕೆ ನಿಮ್ಮ ಹೆಸರು ಹಚ್ಚೀರಿ, ಜೋಕೆ! ಅದು ಊರ ಸೊತ್ತು.

ಇನ್ನು ಅಂಗಡಿ, ಹೋಟೆಲಿನವರ ಗೊಣಗಾಟ. ‘ಹಾಡು ಹಾಕಿದ್ರೂ ದುಡ್ಡು ಕಟ್ಬೇಕೇನ್ರೀ?’ ಗಿರಾಕಿ ಕೂರಲಿ ಅಂತ ಫ್ಯಾನಿಗೆ ಕರೆಂಟ್ ಬಿಲ್ ಕಟ್ಟುತ್ತೀರಿ. ಹಾಡೂ ಗಿರಾಕಿಗಾಗಿಯೇ ತಾನೇ? ಹಾಗಂತ ಬಂದವರ ಕೈಗೆಲ್ಲ ಕಾಸು ತುರುಕಬೇಡಿ. ಯಾವ ಸಂಸ್ಥೆ, ಯಾವ ಹಾಡುಗಳಿಗೆ, ಯಾವ ದರಕ್ಕೆ ಎಂದು ಕಾಗದದ ಮೇಲೆ ಕೇಳಿ. ಸೊಸೈಟಿ ತನ್ನ ದರಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಹಾಗಾಗಿ ಎರಡು ಲೈಸೆನ್ಸ್ ಕೇಳಿದರೆ ಗಾಬರಿಯಾಗಬೇಡಿ. ಮದುವೆ ಮೆರವಣಿಗೆಗೆ, ನಿಜವಾದ ದೇವರ ಕಾರ್ಯಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ.

ಕೊನೆಗೆ ಒಂದು ಮಾತು ನಮ್ಮ ಜಿಲ್ಲಾ ಸಾಹಿತ್ಯ ಪರಿಷತ್ತಿಗೆ. ಕವಿಗೋಷ್ಠಿ ಮಾಡುತ್ತೀರಿ, ಶಾಲು ಹೊದಿಸುತ್ತೀರಿ, ಹಣ್ಣಿನ ಬುಟ್ಟಿ ಕೊಡುತ್ತೀರಿ. ಸಂತೋಷ. ಮುಂದಿನ ಸಲ ಪೆಂಡಾಲಿನ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್ ಇಟ್ಟು, ಹೊಸ ಹುಡುಗ ಹುಡುಗಿಯರ ಅರ್ಜಿ ತುಂಬಿಸಿಕೊಡಿ. ಸಹಿ ಹಾಕುವ ಮುಂಚೆ ಕರಾರು ಓದಿ ಹೇಳಲು ಒಬ್ಬ ವಕೀಲರನ್ನೂ ಕೂರಿಸಿ. ಬುಟ್ಟಿಯ ಬಾಳೆಹಣ್ಣು ಮೂರು ದಿನಕ್ಕೆ ಕಪ್ಪಾಗುತ್ತದೆ. ಹಾಡಿನ ಹಕ್ಕು ಬರೆದವನು ಸತ್ತ ಮೇಲೂ 60 ವರ್ಷ ಮಕ್ಕಳು, ಮೊಮ್ಮಕ್ಕಳ ಕೈಲಿರುತ್ತದೆ.