ಹೊಗೆಗೆ ಮದ್ದು ರಸ್ತೆಯಲ್ಲ, ಬಸ್ಸು

ಘಟ್ಟದ ಮೇಲಿರುವ ನಮಗೆ ಬೆಂಗಳೂರಿನ ಹೊಗೆಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಓದಿಗಾಗಿ, ಉದ್ಯೋಗಕ್ಕಾಗಿ ನಮ್ಮ ಮಕ್ಕಳು ಹೋಗಿ ಸೇರುವ ಊರು ಅದು. ಅಲ್ಲಿನ ಗಾಳಿ ಅವರ ಉಸಿರು. ಅಷ್ಟೇ ಅಲ್ಲ, ದಟ್ಟಣೆಯ ನೆಪದಲ್ಲಿ ಅಲ್ಲಿ ಸಾಲುಮರಗಳನ್ನು ಉರುಳಿಸುವ ವಾದವೇ ಇಲ್ಲಿ ಘಟ್ಟದ ರಸ್ತೆಗಳ ಅಗಲೀಕರಣಕ್ಕೂ ಆಧಾರವಾಗುತ್ತಿದೆ.

2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶ 2009ರಲ್ಲಿ ನಿಗದಿಪಡಿಸಿದ ಮಿತಿ 40. ಹೀಗಾಗಿ 'ಮಿತಿಯೊಳಗಿದೆ' ಎಂಬ ಸರ್ಕಾರಿ ಮಾತಿನಿಂದ ಸಮಾಧಾನಪಡುವಂತಿಲ್ಲ.

2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್-6 ನಿಯಮ ಬಂದು ಹೊಸ ವಾಹನಗಳ ಹೊಗೆ ತಗ್ಗಿತು, ನಿಜ. ಆದರೆ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ದಾಟಿವೆ. ವಿದ್ಯುತ್ ಕಾರಿಗೆ ಹೊಗೆಕೊಳವೆ ಇಲ್ಲದಿದ್ದರೂ ಟೈರಿನ ಸವೆತ, ರಸ್ತೆಯ ಧೂಳು ತಪ್ಪುವುದಿಲ್ಲ. ಆದ್ದರಿಂದ ಇಂಧನ ಬದಲಿಸಿದರೆ ಸಾಲದು, ಕಾರುಗಳ ಓಡಾಟವೇ ಇಳಿಯಬೇಕು.

ಆಳುವವರ ಒಲವು ಇದಕ್ಕೆ ವಿರುದ್ಧವಾಗಿದೆ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಯೋಜಿಸಿದ್ದ ಉಕ್ಕಿನ ಮೇಲ್ಸೇತುವೆಯನ್ನು ನಾಗರಿಕರ ಹೋರಾಟದಿಂದಾಗಿ 2017ರಲ್ಲಿ ಕೈಬಿಡಲಾಯಿತು. ಬಳಿಕ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಯೋಜನೆ ಮುಂದೆ ಬಂದಿತು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆ ಮೀಸಲಿಟ್ಟ ಪಥವಾದರೋ ಮೆಟ್ರೊ ಕಾಮಗಾರಿಯ ಎದುರು ಉಳಿಯಲಿಲ್ಲ. ರಸ್ತೆ ಹಿಗ್ಗಿದಷ್ಟೂ ಕಾರುಗಳು ಹೆಚ್ಚುತ್ತವೆ. ಕೆಲವೇ ವರ್ಷಗಳಲ್ಲಿ ಮತ್ತೆ ಅದೇ ದಟ್ಟಣೆ.

ಬೇರೆ ದಾರಿ ಇಲ್ಲದೆ ಇಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ 2006ರಲ್ಲಿ, ಹೆಚ್ಚುವರಿ ಬಸ್ಸುಗಳನ್ನು ಓಡಿಸಿ, ನಗರಕೇಂದ್ರ ಪ್ರವೇಶಿಸುವ ವಾಹನಗಳ ಮೇಲೆ ಪ್ರಾಯೋಗಿಕ ಶುಲ್ಕ ವಿಧಿಸಿತು. ಸಂಚಾರ ಸುಮಾರು ಶೇ. 20ರಷ್ಟು ಇಳಿಯಿತು. ಮೊದಲು ವಿರೋಧಿಸಿದ್ದ ಜನರೇ ಜನಮತಗಣನೆಯಲ್ಲಿ ಒಪ್ಪಿದರು. 2007ರಲ್ಲಿ ಶುಲ್ಕ ಕಾಯಂ ಆಯಿತು. ಇಲ್ಲಿಯೂ ಕ್ರಮ ಅದೇ ಆಗಬೇಕು: ಮೊದಲು ಬಸ್ಸು ಮತ್ತು ಕಾಲುದಾರಿ, ಆಮೇಲೆ ಶುಲ್ಕ. ಇಲ್ಲವಾದರೆ ಭಾರ ಬಡವರ ಮೇಲೆ ಬೀಳುತ್ತದೆ.

ಈ ಪಾಠ ಮಲೆನಾಡಿಗೂ ಅನ್ವಯಿಸುತ್ತದೆ. ಹಳ್ಳಿಯ ಬಸ್ಸು ನಿಂತ ದಿನವೇ ಸಾಲ ಮಾಡಿ ಬೈಕು ಕೊಳ್ಳುವ ಅನಿವಾರ್ಯತೆ ಹುಟ್ಟುತ್ತದೆ. ರಸ್ತೆ ಅಗಲೀಕರಣಕ್ಕೆ ಒಪ್ಪಿಗೆ ಕೇಳಿ ಬಂದವರನ್ನು, ನಮ್ಮೂರಿಗೆ ದಿನಕ್ಕೆಷ್ಟು ಬಸ್ಸು ಎಂದು ನಾವು ಮೊದಲು ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ಪ್ರಶ್ನೆ ಠರಾವಾಗಿ ದಾಖಲಾಗಲಿ.